ಮುತ್ತಜ್ಜನ ಕಡತದಲ್ಲಿ ಇಲ್ಲದವರು

ಒರೆಗಾನ್ ರಾಜ್ಯದಲ್ಲಿ ತಮ್ಮ ಮುತ್ತಜ್ಜ ಮುತ್ತಜ್ಜಿಯರನ್ನು ಹುಡುಕಿ ಹೊರಟವರು ಅದೃಷ್ಟವಂತರು. 1850ರ ಸೆಪ್ಟೆಂಬರ್ 27ರಂದು ಜಾರಿಗೆ ಬಂದ ಡೊನೇಷನ್ ಲ್ಯಾಂಡ್ ಕ್ಲೇಮ್ ಕಾಯಿದೆಯ ಅಡಿಯಲ್ಲಿ ನೆಲ ಬಯಸಿದ ಪ್ರತಿಯೊಬ್ಬನೂ ತಾನು ಎಲ್ಲಿ, ಯಾವ ವರ್ಷ ಹುಟ್ಟಿದ್ದು, ಒರೆಗಾನ್‌ಗೆ ಎಂದು ಬಂದದ್ದು, ಯಾರನ್ನು, ಎಲ್ಲಿ, ಯಾವ ದಿನ ಮದುವೆಯಾದದ್ದು ಎಂಬುದನ್ನು ಪ್ರಮಾಣ ಮಾಡಿ ಬರೆಸಬೇಕಿತ್ತು. ನೆರೆಯವರು ಬಂದು ಸಾಕ್ಷಿ ಹೇಳಬೇಕಿತ್ತು. ಹೆಂಡತಿಯ ಪಾಲು ಆಕೆಯ ಹೆಸರಿನಲ್ಲೇ ದಾಖಲಾಗುತ್ತಿದ್ದುದರಿಂದ, ಆ ಕಾಲದ ಬೇರೆ ಕಾಗದಪತ್ರಗಳಲ್ಲಿ ಕಾಣೆಯಾಗುವ ಹೆಂಗಸರೂ ಇಲ್ಲಿ ಹೆಸರು ಸಹಿತ ಸಿಗುತ್ತಾರೆ. ನೂರೆಪ್ಪತ್ತು ವರ್ಷಗಳ ಹಿಂದಿನ ಒಬ್ಬ ಬಡ ರೈತನ ಬಗ್ಗೆ ಇಷ್ಟು ಖಚಿತವಾದ ವಿವರ ಜಗತ್ತಿನ ಹೆಚ್ಚಿನ ಕಡೆ ಸಿಗುವುದಿಲ್ಲ.

ಈ ಕಡತಗಳ ಸುತ್ತ ಒಂದು ಸಂಸ್ಕೃತಿಯೇ ಬೆಳೆದಿದೆ. ‘ಪಯೋನಿಯರ್’, ಅಂದರೆ ಮೊದಲು ಬಂದು ನೆಲ ಒಡೆದವರು ಎಂಬ ಗೌರವದ ಹೆಸರಿನಡಿ 1873ರಲ್ಲೇ ಇಲ್ಲಿ ಸಂಘ ಕಟ್ಟಲಾಯಿತು. ಅವರ ಪುತ್ರಪುತ್ರಿಯರ ಸಂಘ 1901ರಲ್ಲಿ ಆರಂಭವಾಯಿತು. ಅದರ ಸದಸ್ಯತ್ವಕ್ಕೆ ಬೇಕಾದ ಅರ್ಹತೆ ಒಂದೇ: ಒರೆಗಾನ್ ರಾಜ್ಯವಾಗಿ ಒಕ್ಕೂಟ ಸೇರಿದ 1859ರ ಫೆಬ್ರವರಿ 14ಕ್ಕೆ ಮೊದಲು ಬಂದು ನೆಲೆಸಿದವರ ವಂಶದಲ್ಲಿ ಹುಟ್ಟಿರಬೇಕು. ಪೋರ್ಟ್‌ಲೆಂಡಿನ ವಂಶಾವಳಿ ಸಂಶೋಧಕರು ಆ ಭೂಕಡತಗಳನ್ನು ಒಂದೊಂದಾಗಿ ಓದಿ, ಸಾರ ತೆಗೆದು, ಸಂಪುಟಗಳಾಗಿ ಅಚ್ಚು ಹಾಕಿಸಿದ್ದಾರೆ. ಊರೂರಿನ, ಕೌಂಟಿ ಕೌಂಟಿಯ ಸ್ಥಳೀಯ ಇತಿಹಾಸ ಪುಸ್ತಕಗಳಿವೆ. ಎತ್ತಿನ ಬಂಡಿಯಲ್ಲಿ ಎರಡು ಸಾವಿರ ಮೈಲಿ ನಡೆದು ಬಂದ ಕತೆ, ಮರದ ದಿಮ್ಮಿಗಳ ಮೊದಲ ಮನೆ, ಮೊದಲ ಹಿಟ್ಟಿನ ಗಿರಣಿ, ಮೊದಲ ಶಾಲೆ, ಮೊದಲ ಸಮಾಧಿ ಎಲ್ಲವೂ ಅವುಗಳಲ್ಲಿವೆ. ತಮ್ಮವರ ಬೇರು ಹುಡುಕುವ ಈ ಆಸೆಯನ್ನು ಹೀಗಳೆಯಬೇಕಾದ ಕಾರಣವಿಲ್ಲ. ಸತ್ತವರ ಹೆಸರನ್ನು ಕಾಪಿಡುವುದು ಮನುಷ್ಯರು ಮಾಡುವ ಒಳ್ಳೆಯ ಕೆಲಸಗಳಲ್ಲೊಂದು.

ಆದರೆ ಹುಡುಕುವವರು ಸಾಮಾನ್ಯವಾಗಿ ಕೇಳದೆ ಬಿಡುವ ಒಂದು ಪ್ರಶ್ನೆಯಿದೆ. ಒಬ್ಬ ರೈತನ ಹುಟ್ಟು, ಬಣ್ಣ, ಮದುವೆ, ಬಂದ ದಿನಾಂಕಗಳನ್ನು ಪ್ರಭುತ್ವ ಅಷ್ಟು ಆಸ್ಥೆಯಿಂದ ಏಕೆ ಬರೆದಿಟ್ಟುಕೊಂಡಿತು?

ಉತ್ತರ ಕಾಯಿದೆಯಲ್ಲೇ ಇದೆ. 1850ರ ಡಿಸೆಂಬರ್ 1ಕ್ಕೆ ಮೊದಲು ಬಂದ, ಹದಿನೆಂಟು ದಾಟಿದ ಬಿಳಿಯ ಗಂಡಸಿಗೆ 320 ಎಕರೆ. ಮದುವೆಯಾಗಿದ್ದರೆ ದಂಪತಿಗೆ 640 ಎಕರೆ. ಆಮೇಲೆ ಬಂದವರಿಗೆ ಅದರ ಅರ್ಧ. ನಾಲ್ಕು ವರ್ಷ ಅಲ್ಲಿಯೇ ಇದ್ದು ಉತ್ತರೆ ನೆಲ ಅವರದು, ಕ್ರಯವಿಲ್ಲ. ಬಿಳಿಯ ತಂದೆಗೂ ಮೂಲನಿವಾಸಿ ತಾಯಿಗೂ ಹುಟ್ಟಿದ ಮಿಶ್ರ ಸಂತತಿಗೆ ಅವಕಾಶವಿತ್ತು. ಕಪ್ಪು ಜನರಿಗೆ ಇರಲಿಲ್ಲ. ಎಷ್ಟು ನೆಲ ಎಂಬುದು ಬಣ್ಣ, ವಯಸ್ಸು, ಮದುವೆ, ಬಂದ ದಿನ ಈ ನಾಲ್ಕರ ಮೇಲೆ ನಿಂತಿತ್ತು. ಆದ್ದರಿಂದಲೇ ಆ ನಾಲ್ಕನ್ನೂ ಬರೆಸಿಕೊಳ್ಳಲಾಯಿತು. ಮದುವೆಯಾದರೆ ನೆಲ ಇಮ್ಮಡಿಯಾಗುತ್ತಿದ್ದ ಕಾರಣ ಹದಿಮೂರು ಹದಿನಾಲ್ಕರ ಹುಡುಗಿಯರನ್ನೂ ಮದುವೆ ಮಾಡಿಸಿದ್ದು ಅದೇ ಕಡತಗಳಲ್ಲಿ ಕಾಣುತ್ತದೆ. ಕಾಯಿದೆಯ ಅವಧಿ 1855ರಲ್ಲಿ ಮುಗಿಯುವಷ್ಟರಲ್ಲಿ ಸುಮಾರು 7,400 ಹಕ್ಕುದಾರರು 25 ಲಕ್ಷ ಎಕರೆಯಷ್ಟು ನೆಲವನ್ನು ತಮ್ಮದಾಗಿಸಿಕೊಂಡಿದ್ದರು. ಇಂದು ವಂಶವೃಕ್ಷದ ಬೇರೆಂದು ಕಣ್ಣಿಗೊತ್ತಿಕೊಳ್ಳುವ ದಾಖಲೆ ಮೂಲತಃ ನೆಲ ಹಂಚಿಕೆಯ ಲೆಕ್ಕಪುಸ್ತಕ.

ಕಾಯಿದೆಯ ಹೆಸರಿನಲ್ಲಿರುವ ‘ಡೊನೇಷನ್’ ಎಂಬ ಪದ ಕನ್ನಡಿಗರನ್ನು ತಡೆದು ನಿಲ್ಲಿಸಬೇಕು. ದಾನಶಾಸನಗಳ ನಾಡಿನಿಂದ ಬಂದವರಿಗೆ ದಾನದ ಮೊದಲ ನಿಯಮ ಗೊತ್ತಿರುತ್ತದೆ: ಕೊಡುವ ವಸ್ತು ಕೊಡುವವನದಾಗಿರಬೇಕು. 1850ರಲ್ಲಿ ವಿಲಾಮೆಟ್ ಕಣಿವೆಯ ನೆಲ ಅಮೆರಿಕದ ಪ್ರಭುತ್ವದ್ದಾಗಿರಲಿಲ್ಲ. ಇದು ಇಂದಿನವರ ತೀರ್ಪಲ್ಲ. 1848ರಲ್ಲಿ ಒರೆಗಾನ್ ಪ್ರಾಂತ್ಯವನ್ನು ರಚಿಸಿದ ಕಾಯಿದೆಯೇ, ಒಪ್ಪಂದದ ಮೂಲಕ ಬಿಟ್ಟುಕೊಡುವವರೆಗೆ ಮೂಲನಿವಾಸಿಗಳ ಭೂಮಿಯ ಹಕ್ಕಿಗೆ ಧಕ್ಕೆ ತರಕೂಡದೆಂದು ಹೇಳಿತ್ತು. ಎರಡು ವರ್ಷ ಕಳೆದ ಮೇಲೆ, ಕಣಿವೆಯ ಒಂದು ಒಪ್ಪಂದವೂ ಊರ್ಜಿತವಾಗಿಲ್ಲದಾಗ, ಅದೇ ಕಾಂಗ್ರೆಸ್ಸು ಆ ನೆಲವನ್ನು ಹಂಚತೊಡಗಿತು. ‘ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ’ ಎಂಬ ಗಾದೆಗೆ ಇದಕ್ಕಿಂತ ದೊಡ್ಡ ಉದಾಹರಣೆ ಹುಡುಕುವುದು ಕಷ್ಟ.

ಆ ನೆಲ ಕಲಪೂಯ ಜನರದು. ಇಂದಿನ ಹಿಲ್ಸ್‌ಬರೊ, ಬೀವರ್ಟನ್ ಪಟ್ಟಣಗಳಿರುವ ಬಯಲು ಅವರಲ್ಲಿ ಟ್ವಾಲಟಿನ್ ಎಂಬ ಪಂಗಡದ ತಾಯ್ನೆಲ. ಸ್ಥಳೀಯ ಇತಿಹಾಸ ಪುಸ್ತಕಗಳು ಮೊದಲು ಬಂದವರ ಕಣ್ಣಿಗೆ ಬಿದ್ದ ವಿಶಾಲ ಹುಲ್ಲುಗಾವಲನ್ನು, ಅಲ್ಲಲ್ಲಿ ಹರಡಿ ನಿಂತ ಓಕ್ ಮರಗಳನ್ನು ಪ್ರಕೃತಿಯ ಕೊಡುಗೆಯೆಂದು ವರ್ಣಿಸುತ್ತವೆ. ಅದು ಪ್ರಕೃತಿ ತಾನಾಗಿ ಕೊಟ್ಟದ್ದಲ್ಲ. ಕಲಪೂಯರು ಬೇಸಿಗೆಯ ಕೊನೆಗೆ ಬಯಲಿಗೆ ಬೆಂಕಿ ಹಾಕಿ, ಪೊದೆ ಬೆಳೆಯದಂತೆ ನೋಡಿಕೊಂಡು, ನೂರಾರು ವರ್ಷ ಆ ನೆಲವನ್ನು ತೆರೆದಿಟ್ಟಿದ್ದರು. ಕ್ಯಾಮಸ್ ಎಂಬ ನೀಲಿ ಹೂವಿನ ಗಿಡದ ಗೆಡ್ಡೆಯನ್ನು ಅಗೆದು, ನೆಲದಲ್ಲಿ ತೋಡಿದ ಕುಳಿಗಳಲ್ಲಿ ಬೇಯಿಸಿ ಚಳಿಗಾಲಕ್ಕೆ ಕೂಡಿಡುತ್ತಿದ್ದರು. ಬಂಡಿಯಲ್ಲಿ ಬಂದವರ ನೇಗಿಲು ಅಷ್ಟು ಸಲೀಸಾಗಿ ಓಡಿದ್ದು ಈ ದುಡಿಮೆಯಿಂದ. 1830ರ ದಶಕದ ಆರಂಭದಲ್ಲಿ ಹೊರಗಿನಿಂದ ಬಂದ ಚಳಿಜ್ವರ, ಬಹುಶಃ ಮಲೇರಿಯಾ, ಈ ಕಣಿವೆಯ ಜನರಲ್ಲಿ ಹತ್ತಕ್ಕೆ ಒಂಬತ್ತರಷ್ಟು ಮಂದಿಯನ್ನು ಕೊಂದಿತೆಂದು ವಿದ್ವಾಂಸರು ಅಂದಾಜಿಸುತ್ತಾರೆ. ‘ಖಾಲಿ ನೆಲ’ ಎಂದು ಮುತ್ತಜ್ಜಂದಿರು ಕಂಡದ್ದು, ಆಗಷ್ಟೇ ಸ್ಮಶಾನವಾದ ನೆಲ.

ಉಳಿದವರು ಸುಮ್ಮನೆ ಎದ್ದು ಹೋಗಲಿಲ್ಲ. 1851ರ ವಸಂತದಲ್ಲಿ ಶಾಂಪೂಯಿ ಎಂಬಲ್ಲಿ ಸರ್ಕಾರದ ಆಯುಕ್ತರು ಅವರನ್ನು ಕ್ಯಾಸ್ಕೇಡ್ ಪರ್ವತದ ಆಚೆಗೆ ಕಳಿಸಲು ನೋಡಿದಾಗ, ತಮ್ಮ ಹಿರಿಯರ ಮೂಳೆಗಳಿರುವ ಕಣಿವೆಯನ್ನು ಬಿಡುವುದಿಲ್ಲವೆಂದು ಕಲಪೂಯರು ಪಟ್ಟು ಹಿಡಿದರು. ಆಯುಕ್ತರು ಮಣಿದರು, ಕಣಿವೆಯೊಳಗೇ ಅವರಿಗೆ ಸಣ್ಣ ಸಣ್ಣ ಜಾಗಗಳನ್ನು ಉಳಿಸುವ ಒಪ್ಪಂದಗಳಾದವು. ಸೆನೆಟ್ ಅವನ್ನು ಊರ್ಜಿತಗೊಳಿಸಲಿಲ್ಲ. ಆ ನಡುವೆ ನೆಲ ಹಂಚುವ ಕೆಲಸ ಒಂದು ದಿನವೂ ನಿಲ್ಲಲಿಲ್ಲ. 1855ರ ಜನವರಿಯಲ್ಲಿ ಮತ್ತೊಂದು ಒಪ್ಪಂದದಲ್ಲಿ ಇಡೀ ಕಣಿವೆಯನ್ನು ಬರೆಸಿಕೊಳ್ಳಲಾಯಿತು. 1856ರಲ್ಲಿ ಜನರನ್ನು ಪಶ್ಚಿಮದ ಬೆಟ್ಟಗಳ ಮಗ್ಗುಲಿನ ಗ್ರ್ಯಾಂಡ್ ರಾಂಡ್ ಎಂಬಲ್ಲಿಗೆ ಸಾಗಿಸಲಾಯಿತು. ಬೇರೆ ಬೇರೆ ನುಡಿಯ, ಬೇರೆ ಬೇರೆ ಕಣಿವೆಗಳ ಹಲವು ಬುಡಕಟ್ಟುಗಳನ್ನು ಅಲ್ಲಿ ಒಟ್ಟಿಗೆ ತುಂಬಲಾಯಿತು. ಅಲ್ಲಿಗೂ ಮುಗಿಯಲಿಲ್ಲ. 1901ರಲ್ಲಿ ಆ ಮೀಸಲು ನೆಲದಲ್ಲೂ 25,000 ಎಕರೆಗೆ ಮೀರಿ ‘ಹೆಚ್ಚುವರಿ’ ಎಂದು ಹೆಸರಿಟ್ಟು ಮಾರಲಾಯಿತು. 1954ರಲ್ಲಿ ಕಾಂಗ್ರೆಸ್ಸು ಒಂದು ಕಾಯಿದೆಯಿಂದ ಆ ಬುಡಕಟ್ಟುಗಳ ಅಸ್ತಿತ್ವವನ್ನೇ ರದ್ದು ಮಾಡಿತು; ಸಮುದಾಯದ ಕೈಯಲ್ಲಿ ಉಳಿದದ್ದು ಸ್ಮಶಾನದ ಕೆಲವೇ ಎಕರೆ. ಮೂರು ದಶಕ ಹೋರಾಡಿ 1983ರಲ್ಲಿ ಅವರು ಮಾನ್ಯತೆಯನ್ನು ಮರಳಿ ಪಡೆದರು.

ಈಗ 1859ರ ಫೆಬ್ರವರಿ 14 ಎಂಬ ದಿನಾಂಕವನ್ನು ಮತ್ತೆ ನೋಡಬೇಕು. ಪಯೋನಿಯರ್ ವಂಶಸ್ಥರ ಹೆಮ್ಮೆಯ ಗಡಿರೇಖೆಯಾದ ಆ ದಿನವೇ ಜಾರಿಗೆ ಬಂದ ಒರೆಗಾನ್ ಸಂವಿಧಾನ, ಹೊಸದಾಗಿ ಬರುವ ಕಪ್ಪು ಜನರು ರಾಜ್ಯದಲ್ಲಿ ನೆಲೆಸುವುದನ್ನು, ಸ್ಥಿರಾಸ್ತಿ ಹೊಂದುವುದನ್ನು, ನ್ಯಾಯಾಲಯದಲ್ಲಿ ದಾವೆ ಹೂಡುವುದನ್ನು ನಿಷೇಧಿಸಿತ್ತು. 1857ರಲ್ಲಿ ಮತದಾರರು ಎಂಟು ಪಟ್ಟು ಬಹುಮತದಿಂದ ಒಪ್ಪಿದ ವಿಧಿ ಅದು. ಅದನ್ನು ತೆಗೆದುಹಾಕಲು 1926ರವರೆಗೆ ಕಾಯಬೇಕಾಯಿತು. 1844ರ ಬಂಡಿಸಾಲಿನಲ್ಲಿ ಬಂದ ಜಾರ್ಜ್ ಬುಷ್ ಎಂಬ ಕಪ್ಪು ರೈತ ಅಂದಿನ ತಾತ್ಕಾಲಿಕ ಸರ್ಕಾರದ ಇಂಥದೇ ಕಾನೂನಿನಿಂದಾಗಿ ಕೊಲಂಬಿಯಾ ನದಿಯ ಉತ್ತರಕ್ಕೆ ಹೋಗಬೇಕಾಯಿತು. ಹಸಿದು ಬಂದ ಹೊಸ ವಲಸಿಗರಿಗೆ ಧಾನ್ಯ ಕೊಟ್ಟ ಆತನ ನೆಲದ ಹಕ್ಕಿಗಾಗಿ ನೆರೆಯವರು ಅರ್ಜಿ ಹಾಕಿ, 1855ರಲ್ಲಿ ಕಾಂಗ್ರೆಸ್ಸಿನಿಂದ ವಿಶೇಷ ಕಾಯಿದೆಯನ್ನೇ ಮಾಡಿಸಬೇಕಾಯಿತು.

ಲೆಟೀಷಿಯಾ ಕಾರ್ಸನ್‌ರ ಕತೆ ಇನ್ನೂ ಕಟುವಾದದ್ದು. ಗುಲಾಮಗಿರಿಯಲ್ಲಿ ಹುಟ್ಟಿದ ಈಕೆ ಡೇವಿಡ್ ಕಾರ್ಸನ್ ಎಂಬ ಐರಿಷ್ ವಲಸಿಗನೊಡನೆ 1845ರಲ್ಲಿ ಒರೆಗಾನ್‌ಗೆ ಬಂದವರು. ಇಬ್ಬರು ಮಕ್ಕಳಾದರು, ಬೇಸಾಯ ನಡೆಯಿತು, ದನಕರುಗಳ ಹಿಂಡು ಬೆಳೆಯಿತು. ಅವರಿಬ್ಬರದು ಕಾನೂನು ಒಪ್ಪುವ ಮದುವೆಯಲ್ಲವಾದ್ದರಿಂದ ದಂಪತಿಯ ಪಾಲು ಸಿಗಲಿಲ್ಲ. 640 ಎಕರೆ 320ಕ್ಕೆ ಇಳಿಯಿತು. 1852ರಲ್ಲಿ ಡೇವಿಡ್ ತೀರಿಕೊಂಡಾಗ ಆಸ್ತಿಯ ಆಡಳಿತ ಹಿಡಿದ ನೆರೆಯವನು ಆಕೆಯನ್ನೂ ಮಕ್ಕಳನ್ನೂ ವಾರಸುದಾರರೆಂದು ಒಪ್ಪದೆ ಎಲ್ಲವನ್ನೂ ಹರಾಜಿಗಿಟ್ಟ. ಆಕೆ ನ್ಯಾಯಾಲಯಕ್ಕೆ ಹೋದರು, ಎರಡು ದಾವೆಗಳಲ್ಲೂ ಗೆದ್ದರು. ಮುಂದೆ, ‘ಬಿಳಿಯ’ ಎಂಬ ಷರತ್ತಿಲ್ಲದ 1862ರ ಹೋಮ್‌ಸ್ಟೆಡ್ ಕಾಯಿದೆ ಬಂದಾಗ 1863ರಲ್ಲೇ ಅರ್ಜಿ ಹಾಕಿ, 1869ರಲ್ಲಿ ತಮ್ಮದೇ ಹೆಸರಿಗೆ ನೆಲ ಮಾಡಿಸಿಕೊಂಡರು. ಧೈರ್ಯ, ದುಡಿಮೆ, ದಾರಿಯ ಕಷ್ಟ ಇವೇ ಪಯೋನಿಯರ್ ಎನಿಸಿಕೊಳ್ಳಲು ಬೇಕಾದ ಗುಣಗಳಾಗಿದ್ದರೆ ಪಟ್ಟಿಯ ಮೊದಲ ಸಾಲಿನಲ್ಲಿ ಈಕೆಯ ಹೆಸರಿರಬೇಕಿತ್ತು. ಕಾನೂನು ಅಳೆದದ್ದು ಆ ಗುಣಗಳನ್ನಲ್ಲ.

ವಂಶಾವಳಿ ಎಂಬುದು ರಕ್ತದ ಸಹಜ ಚರಿತ್ರೆ ಎಂದು ನಂಬುವವರು 1921ರ ಪಾಕೆಟ್ ಮೊಕದ್ದಮೆಯನ್ನೂ ಓದಬೇಕು. ಫ್ರೆಡ್ ಪಾಕೆಟ್ ಎಂಬ ಬಿಳಿಯನೂ ಟಿಲಮೂಕ್ ಬುಡಕಟ್ಟಿನ ಒಫೀಲಿಯಾ ಎಂಬಾಕೆಯೂ ಮೂವತ್ತು ವರ್ಷ ಗಂಡಹೆಂಡಿರಾಗಿ ಬಾಳಿದ್ದರು. 1919ರಲ್ಲಿ ಗಂಡ ಸತ್ತ ಮೇಲೆ ಆತನ ಸೋದರ ಆಸ್ತಿಗೆ ಬಂದ. ಬಿಳಿಯರು ಕಪ್ಪುಜನರನ್ನು, ಚೀನಿಯರನ್ನು, ಹವಾಯಿಯವರನ್ನು, ಅರ್ಧಕ್ಕಿಂತ ಹೆಚ್ಚು ಮೂಲನಿವಾಸಿ ರಕ್ತವುಳ್ಳವರನ್ನು ಮದುವೆಯಾಗಕೂಡದೆಂಬ 1866ರ ಕಾನೂನಿನ ಆಧಾರದ ಮೇಲೆ ರಾಜ್ಯದ ಸುಪ್ರೀಂ ಕೋರ್ಟು ಆ ಮದುವೆ ಮದುವೆಯೇ ಅಲ್ಲವೆಂದಿತು. ಮೂವತ್ತು ವರ್ಷದ ಹೆಂಡತಿ ಕಾಗದದ ಮೇಲೆ ಯಾರೂ ಅಲ್ಲದವಳಾದಳು. ಆ ಕಾನೂನು ರದ್ದಾದದ್ದು 1951ರಲ್ಲಿ. ವಂಶವೃಕ್ಷದಲ್ಲಿ ಯಾವ ಕೊಂಬೆ ಉಳಿಯಬೇಕು, ಯಾವುದನ್ನು ಕತ್ತರಿಸಬೇಕು ಎಂಬುದನ್ನು ಹೀಗೆ ಶಾಸನಸಭೆಯೂ ನ್ಯಾಯಾಲಯವೂ ತೀರ್ಮಾನಿಸಿವೆ.

‘ಆ ಬಡ ರೈತರೇನು ಮಾಡಬೇಕಿತ್ತು? ಅವರ ಕಾಲವನ್ನು ನಮ್ಮ ಕಾಲದ ಅಳತೆಗೋಲಿನಿಂದ ಅಳೆಯಬಾರದು’ ಎಂಬ ವಾದ ಸದಾ ಸಿದ್ಧವಾಗಿರುತ್ತದೆ. ಆದರೆ ಅಳತೆಗೋಲು ಅವರ ಕಾಲದ್ದೇ. 1848ರ ಕಾಯಿದೆ ಅವರ ಕಾಲದ್ದು. 1851ರ ಒಪ್ಪಂದಕ್ಕೆ ಸಹಿ ಹಾಕಿದ ಆಯುಕ್ತರು ಅವರ ಕಾಲದವರು. ಬುಷ್ ಪರವಾಗಿ ಅರ್ಜಿ ಬರೆದ ನೆರೆಯವರೂ, ಲೆಟೀಷಿಯಾಗೆ ನ್ಯಾಯ ಕೊಟ್ಟ ಜ್ಯೂರಿಯ ಗಂಡಸರೂ ಅವರ ಕಾಲದವರೇ. ಸರಿ ತಪ್ಪುಗಳು ಅಂದೂ ತಿಳಿದಿದ್ದವು. ಮುತ್ತಜ್ಜನನ್ನು ದೋಷಿಯೆಂದು ಸಾರುವುದರಿಂದ ಯಾರಿಗೂ ಪ್ರಯೋಜನವಿಲ್ಲ. ಆತನ ಕಡತವನ್ನು ಪೂರ್ತಿಯಾಗಿ ಓದಬೇಕೆಂಬುದಷ್ಟೇ ಬೇಡಿಕೆ.

ಇದೆಲ್ಲ ಬಿಳಿಯರ ಮನೆಯ ಜಗಳ, ಕನ್ನಡಿಗರಿಗೇನು ಸಂಬಂಧ ಎನ್ನುವವರು ತಮ್ಮ ಮನೆಯ ಕ್ರಯಪತ್ರವನ್ನು ತೆಗೆದು ನೋಡಬೇಕು. ಇಂಟೆಲ್ ಮತ್ತು ಅದರ ಸುತ್ತ ಬೆಳೆದ ಉದ್ಯಮಗಳು ಕನ್ನಡದ ಅನೇಕ ಎಂಜಿನಿಯರುಗಳನ್ನು ಕರೆತಂದದ್ದು ಇದೇ ಟ್ವಾಲಟಿನ್ ಬಯಲಿಗೆ, ಒರೆಗಾನ್‌ನ ವಾಷಿಂಗ್ಟನ್ ಕೌಂಟಿಗೆ. ಅಲ್ಲಿಯ ಆಸ್ತಿಪತ್ರಗಳ ಚಕ್ಕುಬಂದಿ ಇಂದಿಗೂ 1851ರಲ್ಲಿ ಪೋರ್ಟ್‌ಲೆಂಡಿನ ಪಶ್ಚಿಮದ ಗುಡ್ಡದಲ್ಲಿ ನೆಟ್ಟ ಮೋಜಣಿ ಗುರುತಿನಿಂದ ಆರಂಭವಾಗುತ್ತದೆ. ಎಷ್ಟೋ ಪತ್ರಗಳಲ್ಲಿ ಡೊನೇಷನ್ ಕ್ಲೇಮ್ ಪಡೆದವನ ಹೆಸರೂ ಸಂಖ್ಯೆಯೂ ಹಾಗೆಯೇ ಉಳಿದಿವೆ. ಹಿಲ್ಸ್‌ಬರೊದಲ್ಲಿ ಗೃಹಪ್ರವೇಶ ಮಾಡಿದ ಕನ್ನಡಿಗ ತನಗೆ ತಿಳಿಯದೆಯೇ ಆ ಸರಪಳಿಯ ಕೊನೆಯ ಕೊಂಡಿ. ರಕ್ತದ ವಂಶಾವಳಿಯಲ್ಲಿ ಆತ ಯಾರೂ ಅಲ್ಲ. ನೆಲದ ವಂಶಾವಳಿಯಲ್ಲಿ ಆತ ಪಯೋನಿಯರ್‌ನ ವಾರಸುದಾರ.

ಅದೇ ಸರಪಳಿಯಿಂದ ಹೊರಗೆ ತಳ್ಳಿಸಿಕೊಂಡ ಭಾರತೀಯರೂ ಇಲ್ಲಿದ್ದರು. 1910ರ ಮಾರ್ಚ್‌ನಲ್ಲಿ ಪೋರ್ಟ್‌ಲೆಂಡಿನ ಪಕ್ಕದ ಸೇಂಟ್ ಜಾನ್ಸ್‌ನಲ್ಲಿ ಗುಂಪೊಂದು ಮರದ ಗಿರಣಿಗಳ ಪಂಜಾಬಿ ಕೂಲಿಗಳನ್ನು ಹೊಡೆದೋಡಿಸಿತು. 1913ರಲ್ಲಿ ಆಸ್ಟೋರಿಯಾ ಪಟ್ಟಣದಲ್ಲಿ ಅಂಥ ಗಿರಣಿ ಕಾರ್ಮಿಕರೇ ಸೇರಿ ಗದರ್ ಪಕ್ಷಕ್ಕೆ ತಳಹದಿ ಹಾಕಿದರು. ಒರೆಗಾನ್‌ನ ಗಿರಣಿಯಲ್ಲಿ ದುಡಿದು, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಸೇರಿದ್ದ ಭಗತ್ ಸಿಂಗ್ ಥಿಂಡ್ ಅವರಿಗೆ 1920ರಲ್ಲಿ ಪೋರ್ಟ್‌ಲೆಂಡಿನ ಫೆಡರಲ್ ನ್ಯಾಯಾಲಯ ಪೌರತ್ವ ಕೊಟ್ಟಿತು. 1923ರ ಫೆಬ್ರವರಿ 19ರಂದು ಸುಪ್ರೀಂ ಕೋರ್ಟು ಅದಕ್ಕೆ ವಿರುದ್ಧವಾಗಿ ತೀರ್ಪಿತ್ತಿತು. ಅದೇ ವರ್ಷ ಒರೆಗಾನ್, ಪೌರರಾಗಲು ಅನರ್ಹರಾದ ವಿದೇಶಿಯರು ನೆಲ ಹೊಂದಕೂಡದೆಂದು ಕಾನೂನು ಮಾಡಿತು. ಅದು ಬಿದ್ದುಹೋದದ್ದು 1949ರಲ್ಲಿ, ಜಪಾನಿ ಕುಟುಂಬವೊಂದರ ಮೊಕದ್ದಮೆಯಿಂದ.

ಥಿಂಡ್ ಮೊಕದ್ದಮೆಯಲ್ಲಿ ಕನ್ನಡಿಗರನ್ನು ಚುಚ್ಚಬೇಕಾದ ಒಂದು ಸಂಗತಿಯಿದೆ. ‘ಬಿಳಿಯ’ ಎಂಬ ಗೇಟಿನೊಳಗೆ ನುಗ್ಗಲು ಅವರ ಪರ ಹೂಡಿದ ವಾದ ಜಾತಿಯದು. ಅವರು ಮೇಲ್ಜಾತಿಯ ಆರ್ಯ. ಜಾತಿ ನಿಯಮದಿಂದಾಗಿ ರಕ್ತ ಬೆರೆತಿಲ್ಲ. ಅಮೆರಿಕದ ಬಿಳಿಯರು ಮದುವೆಯ ವಿಚಾರದಲ್ಲಿ ಕಪ್ಪುಜನರನ್ನು ಕಾಣುವಂತೆಯೇ ಭಾರತದ ಮೇಲ್ಜಾತಿಗಳು ಅಲ್ಲಿನ ಆದಿವಾಸಿಗಳನ್ನು ಕಾಣುತ್ತವೆ ಎಂಬುದು ಅದರ ತಿರುಳು. ಒಂದು ವಂಶಾವಳಿಯ ಬಾಗಿಲು ತೆರೆಯಲು ಇನ್ನೊಂದು ವಂಶಾವಳಿಯನ್ನು ಕೀಲಿಕೈ ಮಾಡಿಕೊಂಡ ಆ ವಾದ ಅಂದು ಸೋತಿತು. ಅದರ ಆಸೆ ಮಾತ್ರ ಸತ್ತಿಲ್ಲ. ಆ ತೀರ್ಪಿಗೆ ಸರಿಯಾಗಿ ನೂರು ವರ್ಷ ತುಂಬಿದ ವಾರದಲ್ಲೇ, 2023ರ ಫೆಬ್ರವರಿಯಲ್ಲಿ, ಸಿಯಾಟಲ್ ನಗರಸಭೆ ಜಾತಿ ತಾರತಮ್ಯವನ್ನು ನಿಷೇಧಿಸಿದಾಗ ಅದನ್ನು ವಿರೋಧಿಸಿ ನಿಂತವರಲ್ಲಿ ಭಾರತೀಯ ವಲಸಿಗರೇ ಇದ್ದರು.

ಕನ್ನಡನಾಡಿಗೂ ತನ್ನದೇ ವಂಶಾವಳಿಕಾರರಿದ್ದಾರೆ. ಎತ್ತಿನ ಮೇಲೆ ಕುಳಿತು ಊರೂರು ಸುತ್ತುವ ಹೆಳವರು ಒಂದು ಮನೆತನದ ಮೂಲಪುರುಷ ಯಾರು, ಯಾವ ಊರಿನಿಂದ ಬಂದು ಎಲ್ಲಿ ನೆಲೆನಿಂತ, ಯಾರಿಗೆ ಎಷ್ಟು ಮಕ್ಕಳು ಎಂಬುದನ್ನು ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ. ಆ ನೆನಪು ನಾಡಿನ ಸಂಪತ್ತು. ಆದರೆ ಕಾಳು ಅಳೆದು ಕೊಟ್ಟ ಮನೆತನಗಳ ಹೆಸರೇ ಅದರಲ್ಲಿ ಉಳಿದದ್ದು. ಆ ಮನೆತನಗಳ ಹೊಲದಲ್ಲಿ ಜೀತಕ್ಕಿದ್ದವರ ಮೂಲಪುರುಷನನ್ನು ಯಾರೂ ಹಾಡಲಿಲ್ಲ. ಅಗ್ರಹಾರದ ದಾನಶಾಸನ ಪಡೆದವರ ಗೋತ್ರವನ್ನೂ ನೆಲದ ನಾಲ್ಕು ಎಲ್ಲೆಗಳನ್ನೂ ಕಲ್ಲಿನಲ್ಲಿ ಕೊರೆಯುತ್ತದೆ. ಅಲ್ಲಿ ಮೊದಲಿನಿಂದ ಉಳುತ್ತಿದ್ದವರನ್ನು ಸಾಮಾನ್ಯವಾಗಿ ಹೆಸರಿಸುವುದಿಲ್ಲ. ಒರೆಗಾನ್‌ನ ಕಡತ ಕನ್ನಡಿಗರಿಗೆ ಅಷ್ಟು ಅಪರಿಚಿತವಾಗಬೇಕಿಲ್ಲ.

ಹೀಗಿರುವಾಗ ಹೊರನಾಡಿನ ಸಂಘಗಳ ವಾರ್ಷಿಕೋತ್ಸವಗಳಲ್ಲಿ, ಸ್ಮರಣ ಸಂಚಿಕೆಗಳಲ್ಲಿ ಮೊದಲು ಬಂದ ಕೆಲವು ಕುಟುಂಬಗಳನ್ನು ‘ಪಯೋನಿಯರ್’ ಎಂದು ಹಾಡಿಹೊಗಳುವ ಪರಿಪಾಠ ಬೆಳೆದರೆ ಅದನ್ನು ಮುಗ್ಧವೆನ್ನಲಾಗದು. ಆ ಪದ ಹೊತ್ತು ತರುವುದು 1850ರ ಕಾಯಿದೆಯ ಕಣ್ಣನ್ನು: ನಾವು ಬರುವ ಮೊದಲು ಇಲ್ಲಿ ಯಾರೂ ಇರಲಿಲ್ಲ, ಬಂದವರು ಸ್ವಂತ ಸಾಹಸದಿಂದಲೇ ಬಂದರು. ಎರಡೂ ಸುಳ್ಳು. ಭಾರತೀಯರಿಗೆ ಬಾಗಿಲು ತೆರೆದ 1965ರ ವಲಸೆ ಕಾಯಿದೆ, ಕಪ್ಪುಜನರ ನಾಗರಿಕ ಹಕ್ಕು ಹೋರಾಟ ಅಮೆರಿಕವನ್ನು ಅಲುಗಾಡಿಸಿದ ಕಾಲದ ಕೂಸು. ‘ನಾವು ವೀಸಾ ಪಡೆದು, ಓದಿ, ದುಡಿದು ಬಂದವರು; ಯಾರ ನೆಲವನ್ನೂ ಕಸಿದಿಲ್ಲ’ ಎಂಬ ಮಾತು ನಿಜವೇ ಆದರೂ ಅರ್ಧ ನಿಜ. ಲೆಟೀಷಿಯಾ ಕಾರ್ಸನ್‌ರ ಪೀಳಿಗೆಗಳು ಗೆದ್ದುಕೊಟ್ಟ ಹಕ್ಕಿನ ಮೇಲೆ, ಕಲಪೂಯರಿಂದ ಕಿತ್ತುಕೊಂಡ ನೆಲದ ಮೇಲೆ ಆ ವೀಸಾ ನಿಂತಿದೆ.

ಮಾಡಬೇಕಾದ ಕೆಲಸ ದೊಡ್ಡದೇನಲ್ಲ, ಆದರೆ ಮಾಡಲೇಬೇಕು. ಮನೆಯ ಕ್ರಯಪತ್ರದಿಂದ ಹಿಂದೆ ಹಿಂದೆ ನಡೆದು 1855ರ ಒಪ್ಪಂದವನ್ನು ಮುಟ್ಟುವುದು ಯಾವ ಕನ್ನಡಿಗನಿಗೂ ಕೆಲವು ವಾರಾಂತ್ಯಗಳ ಕೆಲಸ. ಸಂಘದ ಸ್ಮರಣ ಸಂಚಿಕೆಯ ಮೊದಲ ಪುಟದಲ್ಲಿ ಆ ಸರಪಳಿಗೆ ಜಾಗ ಕೊಡಬಹುದು. ಸೇಂಟ್ ಜಾನ್ಸ್‌ನಿಂದ ಓಡಿಸಲ್ಪಟ್ಟ ಕೂಲಿಗಳನ್ನು ಹಿರಿಯರೆಂದು ನೆನೆಯಬಹುದು. ಅದಕ್ಕೆ ಭಾಷೆ, ಜಾತಿ, ಗೋತ್ರ ಯಾವುದೂ ಅಡ್ಡ ಬರಬೇಕಿಲ್ಲ. ಮೂಲನಿವಾಸಿಗಳ ಚರಿತ್ರೆಯನ್ನು ಶಾಲೆಗಳಲ್ಲಿ ಕಲಿಸಬೇಕೆಂದು ಒರೆಗಾನ್ 2017ರಲ್ಲೇ ಕಾನೂನು ಮಾಡಿದೆ. ಮಕ್ಕಳ ಗಣಿತದ ಅಂಕಗಳನ್ನು ವಿಚಾರಿಸಲು ಶಾಲೆಗೆ ಹೋಗುವ ಪಾಲಕರು ಆ ಪಾಠ ನಡೆಯುತ್ತಿದೆಯೇ ಎಂದೂ ವಿಚಾರಿಸಬಹುದು.

ಟ್ವಾಲಟಿನ್ ನುಡಿಯನ್ನು ಬಲ್ಲ ಕೊನೆಯ ವ್ಯಕ್ತಿ ಲೂಯಿಸ್ ಕೆನೊಯರ್. 1868ರಲ್ಲಿ ಗ್ರ್ಯಾಂಡ್ ರಾಂಡ್‌ನಲ್ಲಿ ಹುಟ್ಟಿದ ಅವರು ತಮ್ಮ ಬಾಳಿನ ಕತೆಯನ್ನು 1928ರಲ್ಲೂ 1936ರಲ್ಲೂ ಆ ನುಡಿಯಲ್ಲೇ ಭಾಷಾಶಾಸ್ತ್ರಜ್ಞರಿಗೆ ಹೇಳಿ ಬರೆಸಿದರು. ಅನುವಾದ ಮುಗಿಯುವ ಮೊದಲೇ ತೀರಿಕೊಂಡರು. ಅರ್ಥ ಹೇಳಲು ಇನ್ನೊಬ್ಬರಿಲ್ಲದ ಆ ಪುಟಗಳನ್ನು ವಿದ್ವಾಂಸರು ಉಳಿದ ಟಿಪ್ಪಣಿಗಳ ನೆರವಿನಿಂದ ಬಿಡಿಸಿದರು. ಪುಸ್ತಕ ಹೊರಬಂದದ್ದು 2017ರಲ್ಲಿ. ಹಿಲ್ಸ್‌ಬರೊ, ಬೀವರ್ಟನ್‌ಗಳ ನೆಲದ ಮೇಲೆ ಮೊದಲು ಆಡಿದ ನುಡಿ ಅದರಲ್ಲಿದೆ. ಅದೇ ನೆಲದ ಮೇಲೆ ಮಕ್ಕಳಿಗೆ ಕನ್ನಡ ಕಲಿಸಲು ಶನಿವಾರ ಭಾನುವಾರ ತರಗತಿ ನಡೆಸುವವರು, ನುಡಿಯೊಂದು ಉಳಿಯಬೇಕೆಂಬ ಹಂಬಲ ಏನೆಂದು ಬಲ್ಲವರು. ಆ ಪುಸ್ತಕವನ್ನು ಕೈಗೆತ್ತಿಕೊಳ್ಳಲು ಅವರಿಗಿಂತ ಹೆಚ್ಚಿನ ಕಾರಣವುಳ್ಳ ಓದುಗರು ಬೇರೆ ಯಾರು?